ವರ್ಮ್ಸ್ ಒಪ್ಪಂದ: ಉಂಗುರ ಬಿಟ್ಟುಕೊಟ್ಟ ಚಕ್ರವರ್ತಿ ಸೋತನೇ?

ಪ್ರಶ್ನೆ:
1122ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ, ಬಿಷಪ್ಪರನ್ನು ನೇಮಿಸುವವರು ಯಾರು ಎಂದು ಪೋಪರ ಜೊತೆ ನಡೆದಿದ್ದ ಜಗಳ ಮುಗಿಸಲು, ಜರ್ಮನಿಯ ರಾಜನೂ ಪವಿತ್ರ ರೋಮನ್ ಚಕ್ರವರ್ತಿಯೂ ಆಗಿದ್ದ ಐದನೇ ಹೆನ್ರಿ, ಬಿಷಪ್ಪರಿಗೆ ಧಾರ್ಮಿಕ ಅಧಿಕಾರದ ಗುರುತಾದ ಉಂಗುರ ಮತ್ತು ಗುರುದಂಡ ಕೊಡುವ ಹಕ್ಕನ್ನು ಬಿಟ್ಟುಕೊಟ್ಟ. ಅಂದಮೇಲೆ ಗೆದ್ದಿದ್ದು ಪೋಪ್ ಎರಡನೇ ಕ್ಯಾಲಿಕ್ಸ್ಟಸ್ ತಾನೇ? ಆದರೆ ಆಮೇಲೂ ಜರ್ಮನಿಯ ಬಿಷಪ್ಪರ ಮೇಲೆ ರಾಜನ ಹಿಡಿತ ಉಳಿಯಿತು. ಹೇಗೆ?

ಉತ್ತರ 1:
ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲ ಇದೆ. ಜರ್ಮನಿಯಲ್ಲಿ ಬಿಷಪ್ಪನ ಆಯ್ಕೆ ರಾಜನ ಎದುರಿಗೇ ನಡೆಯಬೇಕು. ಲಂಚ, ಬಲಾತ್ಕಾರ ಇರಕೂಡದು. ಆಯ್ಕೆಯಾದವನು ರಾಜನಿಂದ ರಾಜದಂಡದ ಮೂಲಕ ಜಮೀನು, ಅಧಿಕಾರಗಳನ್ನು ಪಡೆಯುತ್ತಾನೆ. ಧಾರ್ಮಿಕ ದೀಕ್ಷೆ ಅದಾದ ಮೇಲೆ. ಒಪ್ಪಿಗೆಯಾಗದವನನ್ನು ದೀಕ್ಷೆಗೆ ಮೊದಲೇ ತಡೆಯಲು ರಾಜನಿಗೆ ದಾರಿ ಉಳಿಯಿತು. ಸಾಮ್ರಾಜ್ಯದ ಉಳಿದ ಭಾಗಗಳಾದ ಇಟಲಿ, ಬರ್ಗಂಡಿಗಳಲ್ಲಿ ಕ್ರಮ ತಿರುವುಮುರುವು: ಮೊದಲು ದೀಕ್ಷೆ, 6 ತಿಂಗಳೊಳಗೆ ರಾಜದಂಡ. ದೀಕ್ಷೆ ಮುಗಿದವನನ್ನು ಬೇಡ ಅನ್ನುವುದು ಸುಲಭವಲ್ಲ, ಹಾಗಾಗಿ ರಾಜ ಕೈಚೆಲ್ಲಿದ್ದು ಅಲ್ಲಿ.

ಉತ್ತರ 2:
ರಾಜ ಅಷ್ಟು ಪಟ್ಟು ಹಿಡಿದಿದ್ದು ಏಕೆಂದೂ ನೋಡಬೇಕು. ಬಿಷಪ್ಪರ ಕೈಯಲ್ಲಿ ಕೋಟೆ, ಸುಂಕ, ಟಂಕಸಾಲೆ, ನ್ಯಾಯಾಲಯ ಎಲ್ಲ ಇದ್ದವು. ಯುದ್ಧಕ್ಕೆ ಸೈನಿಕರನ್ನು ಕಳಿಸುವವರೂ ಅವರೇ. 1111ರಲ್ಲಿ ಪೋಪ್ ಎರಡನೇ ಪಾಸ್ಕಲ್ ಇದನ್ನು ಬುಡಕ್ಕೇ ಕಡಿಯಲು ಹೊರಟರು: ಬಿಷಪ್ಪರು ರಾಜನಿಂದ ಬಂದ ಆಸ್ತಿ, ಅಧಿಕಾರವನ್ನೆಲ್ಲ ಹಿಂದಿರುಗಿಸಲಿ, ರಾಜ ನೇಮಕದ ಗೊಡವೆಗೆ ಬಾರದಿರಲಿ. ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ಇದೊಂದೇ ಪ್ರಾಮಾಣಿಕ ಪರಿಹಾರ. ಫೆಬ್ರುವರಿ 12ರಂದು, ಪಟ್ಟಾಭಿಷೇಕಕ್ಕೆಂದು ಸೇರಿದ್ದ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಇದು ಬಹಿರಂಗವಾದ ಕೂಡಲೇ ಬಿಷಪ್ಪರೇ ರೊಚ್ಚಿಗೆದ್ದರು. ಪಟ್ಟಾಭಿಷೇಕ ನಿಂತಿತು, ಹೆನ್ರಿ ಪೋಪರನ್ನೇ ಸೆರೆಹಿಡಿದ. ಎರಡು ತಿಂಗಳ ಬಳಿಕ ಪಾಸ್ಕಲ್ ಉಂಗುರ, ಗುರುದಂಡ ಕೊಡುವ ಹಕ್ಕನ್ನು ರಾಜನಿಗೆ ಒಪ್ಪಿಸಿ ಬಿಡುಗಡೆಯಾದರು. 1112ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಚರ್ಚಿನ ಸಭೆ ಅದನ್ನು ರದ್ದುಮಾಡಿತು.

ಉತ್ತರ 3:
ಇಂಗ್ಲೆಂಡಿನಲ್ಲಿ ಮೊದಲನೇ ಹೆನ್ರಿ ಮತ್ತು ಆರ್ಚ್‌ಬಿಷಪ್ ಆನ್ಸೆಲ್ಮ್ 1107ರಲ್ಲೇ ಇಂಥ ರಾಜಿಗೆ ಬಂದಿದ್ದರು. ಉಂಗುರ, ದಂಡ ಹೋದವು. ಜಮೀನಿಗಾಗಿ ರಾಜನಿಗೆ ನಿಷ್ಠೆ ಒಪ್ಪಿಸುವುದು ಉಳಿಯಿತು.

ವರ್ಮ್ಸ್‌ನ ಮಾತಿಗೆ ಬಂದರೆ, ಅಲ್ಲಿ ವಿನಿಮಯವಾದದ್ದು ಎರಡು ಪ್ರತ್ಯೇಕ ಪತ್ರ. ಚಕ್ರವರ್ತಿ ಬರೆದುಕೊಟ್ಟದ್ದು ದೇವರಿಗೆ, ಸಂತ ಪೀಟರ್ ಮತ್ತು ಪೌಲರಿಗೆ, ಚರ್ಚಿಗೆ. ಪೋಪರು ಬರೆದುಕೊಟ್ಟದ್ದು ಹೆನ್ರಿ ಎಂಬ ಒಬ್ಬ ವ್ಯಕ್ತಿಗೆ. 1125ರಲ್ಲಿ ಆತ ಮಕ್ಕಳಿಲ್ಲದೆ ತೀರಿಕೊಂಡ. ಆ ರಿಯಾಯಿತಿ ಅವನೊಬ್ಬನಿಗೇ ಸಂದದ್ದು, ಮುಂದಿನ ರಾಜರಿಗಲ್ಲ ಎಂಬ ವಾದವನ್ನು ರೋಮ್ ಮುಂದಿಟ್ಟಿತು.