ಥಾರ್‌ಗೆ ಹೈ-ಲಿಫ್ಟ್ ಜಾಕ್ ಎಲ್ಲಿ ಕಟ್ಟಿಸಲಿ?

ಹಾಸನದ_ಥಾರ್:
ನಮಸ್ಕಾರ. ನನ್ನದು 2021ರ ಥಾರ್, ಹಾರ್ಡ್‌ಟಾಪ್. ಹೆಂಡತಿಯ ತವರು ಬಿಸಿಲೆ ಕಡೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗಿ ಹೋಗಿ ಆಳವಾದ ಗಾಡಿಜಾಡು ಬೀಳುತ್ತದೆ. ನನ್ನ ಗಾಡಿ ಅದರ ನಡುವಿನ ದಿಬ್ಬದ ಮೇಲೆ ಹೊಟ್ಟೆ ಕೊಟ್ಟು ಕೂತುಬಿಡುತ್ತದೆ. ಅದಕ್ಕೇ ಉದ್ದ ಕಂಬದ ಮೇಲೆ ಏರುತ್ತಾ ಗಾಡಿ ಎತ್ತುವ 48 ಇಂಚಿನ ಹೈ-ಲಿಫ್ಟ್ ಜಾಕ್ ತೆಗೆದುಕೊಂಡಿದ್ದೇನೆ. ಒಳಗೆ ಇಡೋಣ ಎಂದರೆ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಗ್ಯಾರೇಜಿನವರು ಸ್ಟೆಪ್ನಿಗೆ ಪಟ್ಟಿ ಹಾಕಿ ಕಟ್ಟಿಕೊಡುತ್ತೇವೆ ಅನ್ನುತ್ತಾರೆ. ಸ್ನೇಹಿತ ಬಾನೆಟ್ ಮೇಲೆ ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ. ಯಾವುದು ಸರಿ?

ಮಂಗಳೂರು_ಜಿಮ್ನಿ:
ರೂಫ್ ರ‍್ಯಾಕ್ ಹಾಕಿಸಿ, ಅದರ ಮೇಲೆ ಮಲಗಿಸಿ ಕಟ್ಟಿ. ಮುಗೀತು.

ತೋಟದ_ಜೀಪು (ಸಕಲೇಶಪುರ):
ಎಲ್ಲಿ ಕಟ್ಟಬೇಕು ಅನ್ನುವುದು ಆಮೇಲೆ. ಮೊದಲು ಹೇಳಿ, ಈ ಜಾಕ್ ನಿಮ್ಮ ಗಾಡಿಯ ಯಾವ ಜಾಗ ಹಿಡಿದು ಎತ್ತಬೇಕು? ಕಂಪನಿ ಬಂಪರ್ ಹೊರಗಿನಿಂದ ಪ್ಲಾಸ್ಟಿಕ್. ಹತ್ತಿ ಇಳಿಯುವ ಫುಟ್‌ಸ್ಟೆಪ್‌ಗೆ ಕೊಟ್ಟರೆ ಅದು ಬಗ್ಗಿಹೋಗುತ್ತದೆ. ಚಾಸಿಗೆ ಬಿಗಿದ ಗಟ್ಟಿ ಸ್ಲೈಡರ್ (ಬಾಗಿಲುಗಳ ಕೆಳಗೆ ಉದ್ದಕ್ಕೆ ಕೂರುವ ಕಬ್ಬಿಣದ ಕೊಳವೆ) ಬೇಕು, ಇಲ್ಲವೇ ಚಕ್ರವನ್ನೇ ಹಿಡಿದು ಎತ್ತುವ ಕೊಕ್ಕೆ ಬೇಕು. ಕೆಸರಿಗೆ ನನ್ನ ಆಯ್ಕೆ ಕೊಕ್ಕೆಯೇ. ಬಾಡಿ ಹಿಡಿದು ಎತ್ತಿದರೆ ಮೊದಲು ಸ್ಪ್ರಿಂಗ್ ಪೂರ್ತಿ ಇಳಿಯುತ್ತದೆ, ಜಾಕ್ ಅರ್ಧ ಏರಿದರೂ ಚಕ್ರ ಕೆಸರಲ್ಲೇ ಇರುತ್ತದೆ. ಚಕ್ರವನ್ನೇ ಎತ್ತಿದರೆ ಅಡಿಗೆ ಕಲ್ಲು ತುಂಬಿ ಹೊರಡಬಹುದು. ಇವೆರಡೂ ಇಲ್ಲದಿದ್ದರೆ ನಿಮ್ಮ ಜಾಕ್ ಸುಮ್ನೆ 13 ಕೆಜಿ ಅಲಂಕಾರ.

ಈಗ ಜಾಗದ ವಿಷಯ. ಸ್ಟೆಪ್ನಿಗೆ ಬೇಡವೇ ಬೇಡ. ಸ್ಟೆಪ್ನಿ ನೇತಾಡುವ ಹಿಂದಿನ ಬಾಗಿಲಿನ ಕೀಲುಗಳು ಆಗಲೇ ಇಡೀ ಚಕ್ರದ ಭಾರ ಹೊತ್ತಿವೆ. ಅದರ ಮೇಲೆ ಇನ್ನೂ 13 ಕೆಜಿ ಹಾಕಿ, ನಮ್ಮ ಕಡೆಯ ರಸ್ತೆಯಲ್ಲಿ ಕುಲುಕಿಸಿದರೆ ಬಾಗಿಲು ಜೋಲು ಬೀಳುತ್ತದೆ. ಹಿಂದೆಯೇ ಬೇಕು ಅಂದರೆ ಚಾಸಿಗೆ ಕೂತ ಸ್ಟೀಲ್ ಬಂಪರ್, ಅದಕ್ಕೆ ಜಾಕ್ ಹೊರುವ ಪ್ರತ್ಯೇಕ ತೋಳು ಮಾಡಿಸಿ. ನಂಬರ್ ಪ್ಲೇಟ್, ದೀಪ ಮುಚ್ಚಬಾರದು.

ಬಾನೆಟ್ ಫೋಟೋಗೆ ಚಂದ ಅಷ್ಟೇ. ಎದುರಿನ ಗುಂಡಿ ಕಾಣುವುದಿಲ್ಲ. ಯಾರಿಗಾದರೂ ತಾಗಿದರೆ ಆ ಕಬ್ಬಿಣ ಮೊದಲು ಅವರಿಗೇ ಬಡಿಯುತ್ತದೆ. ಮುಂದಿನ ಬಂಪರ್‌ಗೂ ಬೇಡ. 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬಂಪರ್ ಮುಂದೆ ಕಟ್ಟುವ ಕಬ್ಬಿಣದ ಬುಲ್‌ಬಾರ್ ನಿಷೇಧಿಸಲು ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಗಾಡಿಯ ಮೂತಿಗೆ ಕಬ್ಬಿಣ ಕಟ್ಟುವುದು ಒಳ್ಳೆಯದಲ್ಲ.

ಮಂಗಳೂರಿನವರು ಹೇಳಿದ್ದು ಅಷ್ಟು ಕೆಟ್ಟದ್ದಲ್ಲ. ಆದರೆ ಗಾಡಿ ಓರೆಯಾಗಿ ಹೂತಿರುತ್ತದೆ, ಮಳೆ ಸುರಿಯುತ್ತಿರುತ್ತದೆ. ಒದ್ದೆ ಟೈರ್ ಮೇಲೆ ನಿಂತು ತಲೆಯ ಮೇಲಿನ 13 ಕೆಜಿ ಇಳಿಸಿಕೊಳ್ಳಬೇಕು. ನನಗಂತೂ ಈ ವಯಸ್ಸಿಗೆ ಆಗದ ಮಾತು.

ನನ್ನ ಹಳೆಯ ಮಹೀಂದ್ರ ಜೀಪು ಎಂಎಂ 540ರಲ್ಲಿ ಜಾಕ್ ಹಿಂದಿನ ನೆಲದ ಮೇಲೆ, ಬೆಂಚಿನ ಪಕ್ಕ, ಉದ್ದಕ್ಕೆ ಮಲಗಿದೆ. ತಗಡು ತೂರಿ ಎರಡು ಕ್ಲ್ಯಾಂಪ್, ಕೆಳಗೆ ಅಗಲದ ವಾಷರ್, ಸಡಿಲವಾಗದ ನೈಲಾಕ್ ನಟ್. ಗಾಡಿ ಉರುಳಿದರೂ ಅದು ಹಾರಿ ತಲೆಗೆ ಬಡಿಯಬಾರದು, ಅದಕ್ಕೆ ಇಷ್ಟು ಬಿಗಿ. ಹಿಡಿ ಲಟಲಟ ಅನ್ನದಂತೆ ಸೈಕಲ್ ಟ್ಯೂಬ್ ತುಂಡು ಸುತ್ತಿದ್ದೇನೆ.

ಹೊರಗೆ ಕಟ್ಟುವುದಾದರೆ ಮೇಲೆ ಕೆಳಗೆ ಓಡುವ ಭಾಗಕ್ಕೆ ಚೀಲ ಹಾಕಿ. ಆ ಎರಡು ಪಿನ್ನು, ಸ್ಪ್ರಿಂಗುಗಳಿಗೆ ಕೆಸರು ಒಣಗಿ ಹಿಡಿದರೆ ಬೇಕಾದಾಗ ಜಾಕ್ ಏರುವುದೇ ಇಲ್ಲ. ಗ್ರೀಸ್ ಹಚ್ಚಬೇಡಿ, ಮಣ್ಣು ಅಂಟಿಕೊಳ್ಳುತ್ತದೆ. ಸಿಲಿಕೋನ್ ಸ್ಪ್ರೇ ಸಾಕು. ಬೀಗ ಮರೆಯಬೇಡಿ, ಸಂತೆಯ ದಿನ ಗಾಡಿ ನಿಲ್ಲಿಸಿದಾಗ ಗೊತ್ತಾಗುತ್ತದೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಇಳಿಸುವಾಗ ಹಿಡಿಯನ್ನು ಜಾಕಿನ ಕಂಬಕ್ಕೆ ಒತ್ತಿ ನಿಲ್ಲಿಸಿದ ಮೇಲೆಯೇ ಏರು-ಇಳಿ ಬದಲಿಸುವ ಲಿವರ್ ತಿರುಗಿಸಬೇಕು. ಹಿಡಿ ಕೆಳಗಿದ್ದಾಗ ತಿರುಗಿಸಿದರೆ ಅದು ಗಾಡಿಯ ಭಾರಕ್ಕೆ ಚಿಮ್ಮಿ ಗದ್ದಕ್ಕೆ ಬಡಿಯುತ್ತದೆ. ಎತ್ತಿದ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ. ಮಕ್ಕಳನ್ನು ದೂರ ನಿಲ್ಲಿಸಿ.

ಚಿಕ್ಕಮಗಳೂರು_ವೆಲ್ಡಿಂಗ್:
ಮೇಲಿನವರ ಮಾತು ಸರಿ. ಸ್ಲೈಡರ್ ಮಾಡಿಸುವಾಗ ಚಾಸಿಗೆ ಬೆಸುಗೆ ಹಾಕಿಸಬೇಡಿ, ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ಗಾಡಿ ಮೇಲೆ ಏನೇ ವೆಲ್ಡಿಂಗ್ ಮಾಡಿದರೂ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಜಾಕ್ ಜಾರದಂತೆ ಸ್ಲೈಡರ್ ಅಡಿಯಲ್ಲಿ ಎರಡು ಕಡೆ ಸಣ್ಣ ತಡೆಪಟ್ಟಿ ಇಡಿಸಿ. ಆದರೆ ಜಾಕ್ ಅನ್ನು ಸ್ಲೈಡರ್‌ಗೇ ಕಟ್ಟುವ ಆಸೆ ಬೇಡ, ಚಕ್ರ ಎರಚುವ ಕೆಸರೆಲ್ಲ ಅಲ್ಲೇ ಬೀಳುತ್ತದೆ.

ಹಾಸನದ_ಥಾರ್:
ಎಲ್ಲರಿಗೂ ಧನ್ಯವಾದ. ಸ್ಟೆಪ್ನಿ ಯೋಚನೆ ಬಿಟ್ಟೆ. ಮೊದಲು ಕೊಕ್ಕೆ ತರಿಸುತ್ತೇನೆ. ಜಾಕ್ ಮಳೆಗಾಲದಲ್ಲಿ ಮಾತ್ರ ಬೇಕಲ್ವಾ? ಹಿಂದೆ ಸ್ಟೀಲ್ ಬಂಪರ್, ತೋಳು ಆಗುವ ತನಕ ರ‍್ಯಾಕ್ ಮೇಲೆ ಇಟ್ಟರೆ ನಡೆಯುತ್ತದಾ? ಮತ್ತೆ, ಕೆಸರಲ್ಲಿ ಜಾಕಿನ ಅಡಿಗೆ ಇಡುವ ಹಲಗೆ ಎಷ್ಟು ದಪ್ಪದ್ದು ಬೇಕು?

ತೋಟದ_ಜೀಪು (ಸಕಲೇಶಪುರ):
ರ‍್ಯಾಕ್ ನಡೆಯುತ್ತದೆ. ಅಂಚಿನಲ್ಲಿ ಕಟ್ಟಿ, ಕೈಗೆ ಸಿಗಬೇಕು. ಮಳೆ ನಿಂತ ಮೇಲೆ ಇಳಿಸಿ ಮನೆಯಲ್ಲಿಡಿ. ಜಾಕಿನ ಪಾದ ಅಂಗೈಯಷ್ಟೇ, ಕೆಸರಲ್ಲಿ ನೇರ ಒಳಗೆ ಹೋಗುತ್ತದೆ. ಎರಡು ಇಂಚು ದಪ್ಪ, ಒಂದೂವರೆ ಅಡಿ ಚೌಕದ ಮತ್ತಿ ಹಲಗೆ ಮಾಡಿಸಿ. ಸಿಲ್ವರ್ ಓಕ್ ಮರದ್ದು ಬೇಡ, ಸೀಳುತ್ತದೆ. ಒಂದು ತೂತು ಕೊರೆದು ಹಗ್ಗ ಹಾಕಿ, ಕೆಸರಿನಿಂದ ಎಳೆದುಕೊಳ್ಳಲು ಬೇಕಾಗುತ್ತದೆ.