ಮೊಡವಿ ಆರಿದ ಮ್ಯಾಲೆ ಉಳಿದ ಕಪ್ಪು ಕಲೆಗೆ ಈ ಟ್ಯೂಬ್ ಹಚ್ಚಬಹುದೇನ್ರಿ?

ಧಾರವಾಡ_ಸ್ಕೂಟಿ: ಮೊಡವಿ ಎಲ್ಲಾ ಆರ್ಯಾವ, ಗಲ್ಲದ ಮ್ಯಾಲಿನ ಕಲೆ ಮಾತ್ರ ಹಂಗ ಅದಾವ. ದಿನಾ ಹುಬ್ಬಳ್ಳಿಗೆ ಬಿಸಲಾಗ ಸ್ಕೂಟಿ ಮ್ಯಾಲೆ ಓಡಾಟ. ಔಷಧಿ ಅಂಗಡ್ಯಾಗ ಕೊಟ್ಟ ಟ್ಯೂಬಿನ ಮ್ಯಾಲೆ ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಮೊಮೆಟಾಸೋನ್ ಅಂತ ಐತಿ. ಹಚ್ಚಲೇನು?

ಮಲಾಮು_ಮಾತು: ಬ್ಯಾಡ್ರಿ. ಹೈಡ್ರೋಕ್ವಿನೋನ್ ಕಲೆ ತಿಳಿ ಮಾಡೋದು, ಟ್ರೆಟಿನೊಯಿನ್ ಚರ್ಮದ ಪದರ ಹೊಸದು ಮಾಡೋದು, ಆದ್ರ ಮೊಮೆಟಾಸೋನ್ ಅಂದ್ರ ಸ್ಟಿರಾಯ್ಡ್. ಮೊದಲ ಒಂದೆರಡು ವಾರ ಮಾರಿ ಬೆಳ್ಳಗ ಹೊಳೀತೈತಿ, ಅಲ್ಲೇ ಮಂದಿ ಮರುಳಾಗೋದು. ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣಸ್ತಾವ, ಹೊಸಾ ಗುಳ್ಳಿ ಏಳತಾವ, ಬಿಟ್ಟರ ಉರಿ, ಆ ಉರಿಯಿಂದ ಮತ್ತ ಕಲೆ. ಇದನ್ನ ಡಾಕ್ಟರು ಬಂಗು (ಮಾರಿ ಮ್ಯಾಲಿನ ಕಂದು ಪಟ್ಟಿ, ಮೆಲಾಸ್ಮಾ) ಇದ್ದವರಿಗೆ ಸ್ವಲ್ಪ ದಿನಕ್ಕಷ್ಟ ಬರೀತಾರ. ಆಗಲೇ ಬಾಳ ದಿನ ಹಚ್ಚಿದ್ರ ಒಮ್ಮೆಲೆ ನಿಲ್ಲಸಬ್ಯಾಡ್ರಿ, ಡಾಕ್ಟರಿಗೆ ಕೇಳಿ ನಿಲ್ಲಸ್ರಿ.

ಚರ್ಮದ_ಲೆಕ್ಕ: ಮೊದಲ ಬಣ್ಣ ನೋಡ್ರಿ. ಕಂದು ಇದ್ರ ಮೆಲನಿನ್ (ಚರ್ಮಕ್ಕ ಬಣ್ಣ ಕೊಡೋ ವಸ್ತು) ಮ್ಯಾಲಿನ ಪದರದಾಗೈತಿ, ಕೆಲವು ತಿಂಗಳಿಗೆ ತಿಳಿ ಆಗತೈತಿ. ನೀಲಿ-ಬೂದಿ ಇದ್ರ ಕೆಳಗಿನ ಪದರಕ್ಕ ಇಳದೈತಿ, ವರ್ಷಗಟ್ಟಲೆ ಹಿಡೀತೈತಿ, ಕ್ರೀಮಿಗೆ ಜಗ್ಗೂದಿಲ್ಲ.

ನಿಮ್ಮ ಓಡಾಟಕ್ಕ ಸನ್‌ಸ್ಕ್ರೀನೇ ಅರ್ಧಾ ಔಷಧ. ಎಸ್‌ಪಿಎಫ್ 30ರ ಮ್ಯಾಲಿಂದು, ತೋರಬೆರಳು-ನಡುಬೆರಳು ಎರಡರ ಉದ್ದಕ್ಕೂ ಗೆರಿ ಎಳದಷ್ಟು, ಮಾರಿ-ಕುತ್ತಿಗಿಗೆ. ಬಾಳ ಮಂದಿ ಇದರ ಕಾಲುಭಾಗ ಹಚ್ಚಿ ಕೆಲಸಾ ಮಾಡವಲ್ದು ಅಂತಾರ. ಬಿಸಲಾಗಿದ್ರ ಎರಡು ತಾಸಿಗೊಮ್ಮೆ ಮತ್ತ. ನಮ್ಮ ಕಂದು ಚರ್ಮಕ್ಕ ಕಣ್ಣಿಗೆ ಕಾಣೋ ಬೆಳಕೂ ಕಲೆ ಗಾಢ ಮಾಡತೈತಿ. ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರ ಅದನ್ನ ತಗೋರಿ.

ರಾತ್ರಿ ಅಡಾಪಲೀನ್ 0.1% ಅನ್ನೋ ಮೊಡವಿ ಮಲಾಮು, ಬಟಾಣಿ ಕಾಳಿನಷ್ಟು ಪೂರಾ ಮಾರಿಗೆ. ಬರೀ ಕಲೆಗೆ ಒತ್ತಿ ಒತ್ತಿ ಹಚ್ಚಿದ್ರ ಅಲ್ಲೇ ಸುಲೀತೈತಿ. ಒದ್ದೆ ಮಾರಿಗೆ ಬ್ಯಾಡ. ಮೊದಲ ಎರಡು ವಾರ ದಿನಾ ಬಿಟ್ಟು ದಿನಾ, ಮ್ಯಾಲೆ ಮಾಯಿಶ್ಚರೈಸರ್. ಉರದು ಕೆಂಪಾದ್ರ ನಿಲ್ಲಸ್ರಿ, ಆ ಕೆಂಪೇ ಮುಂದಿನ ಕಲೆ.

ಧಾರವಾಡ_ಸ್ಕೂಟಿ: ಬಸುರಿದ್ದವರು? ಲಿಂಬಿಹಣ್ಣು, ಸೋಡಾ ನಡೀತಾವೇನು?

ಮಲಾಮು_ಮಾತು: ಬಸುರಿನಾಗ ಅಡಾಪಲೀನ್, ಟ್ರೆಟಿನೊಯಿನ್, ಹೈಡ್ರೋಕ್ವಿನೋನ್ ಮೂರೂ ಬ್ಯಾಡ. ಕಲೆ ತಿಳಿ ಮಾಡೋ ಅಜೆಲಾಯಿಕ್ ಆಸಿಡ್ 15-20% ಡಾಕ್ಟರ್‌ಗೆ ಕೇಳಿ ನಡೀತೈತಿ. ಲಿಂಬಿ ರಸ ಹಚ್ಚಿ ಬಿಸಲಿಗೆ ಹೋದ್ರ ಸುಟ್ಟು ಗುಳ್ಳಿ ಎದ್ದು ಇನ್ನೂ ಕಪ್ಪಾಗತೈತಿ. ಸೋಡಾ ಚರ್ಮ ಒಣಗಸ್ತೈತಿ.

ಚರ್ಮದ_ಲೆಕ್ಕ: ಮೂರು ತಿಂಗಳಾದ್ರೂ ಬದಲ ಆಗದಿದ್ರ ಹುಬ್ಬಳ್ಳಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಸರ್ಕಾರಿ ಆಸ್ಪತ್ರಿ ಚರ್ಮರೋಗ ಓಪಿಡಿಗೆ ತೋರಸ್ರಿ. ಹೈಡ್ರೋಕ್ವಿನೋನ್ 4% ಕೊಟ್ಟರೂ ಮೂರ್ನಾಲ್ಕು ತಿಂಗಳಿಗೆ ಬಿಡುವು ಕೊಡ್ತಾರ. ವರ್ಷಗಟ್ಟಲೆ ಹಚ್ಚಿದ್ರ ಚರ್ಮಕ್ಕ ನೀಲಿ-ಕಪ್ಪು ಛಾಯೆ ಕೂಡ್ತೈತಿ, ಅದು ಹೋಗೋದು ಕಷ್ಟ. ಬ್ಯೂಟಿ ಪಾರ್ಲರಿನ ಪೀಲ್, ಲೇಸರ್ ಅಂತ ಹೊರಡಬ್ಯಾಡ್ರಿ.