ಮರದಿಂದ ಬಿದ್ದ ಪಕ್ಕದ ಮನೆಯವರಿಗೆ ಹೇಗೆ ನೆರವಾಗೋದು? ಕಂಡವರು, ಅನುಭವಿಸಿದವರು ಹೇಳಿ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು. ಎಲ್ಲ ಸೇರಿ ಹದಿನಾಲ್ಕು ಮನೆ. ಪಕ್ಕದ ಮನೆಯಣ್ಣ ಕೊನೆಗಾರರು. ಸುತ್ತಲಿನ ಏಳೆಂಟು ತೋಟಗಳ ಅಡಿಕೆ ಕೊನೆ, ಅಂದರೆ ಗೊನೆ, ಮರ ಹತ್ತಿ ಇಳಿಸುತ್ತಿದ್ದದ್ದು ಅವರೇ. ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಆಪರೇಷನ್ ಆಗಿ ಮನೆಗೆ ಬಂದು ಎರಡು ತಿಂಗಳಾಯಿತು. ಮನೆಯಲ್ಲಿ ಹೆಂಡತಿ, ವಯಸ್ಸಾದ ತಾಯಿ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಎರಡು ದನ, ಅರ್ಧ ಎಕರೆ ತೋಟ.

ಮೊದಲ ಹದಿನೈದು ದಿನ ಜನವೋ ಜನ. ಈಗ ಯಾರೂ ಆ ಕಡೆ ತಲೆ ಹಾಕುತ್ತಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೋದ ವಾರ ಅಮ್ಮ ಹತ್ತು ಕೆಜಿ ಅಕ್ಕಿ ಕಳಿಸಿದರು. ಮಾರನೇ ದಿನ ಆ ಅಕ್ಕ ಚೀಲವನ್ನು ಹಾಗೇ ತಂದು ನಮ್ಮ ಜಗಲಿ ಮೇಲಿಟ್ಟು ಹೋದರು. 'ರೇಷನ್ ಬರುತ್ತಲ್ಲ, ಸಾಕು' ಅಂದರಂತೆ. ಅಮ್ಮನಿಗೆ ತುಂಬಾ ಬೇಜಾರಾಗಿದೆ. ಅವರಿಗೆ ನೋವಾಗದ ಹಾಗೆ, ಆದರೆ ನಿಜವಾಗಿ ಉಪಯೋಗ ಆಗುವ ಹಾಗೆ ಏನು ಮಾಡಬಹುದು?

ಸಾಗರದಿಂದ

ಒಂಬತ್ತು ವರ್ಷದ ಹಿಂದೆ ಆ ಅಕ್ಕನ ಜಾಗದಲ್ಲಿ ನಾನಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ. ನಮ್ಮ ಯಜಮಾನರು ಬಿದ್ದದ್ದು ಮಳೆಗಾಲದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿ ಕೊಟ್ಟಾಗಲೂ ಅದರ ಮೇಲೆ ಮೈಲುತುತ್ತದ ನೀಲಿ ಹಾಗೇ ಇತ್ತು.

ಬಂದವರೆಲ್ಲ ಒಳ್ಳೆಯವರೇ. ಆದರೆ ಎಲ್ಲರೂ ಕೇಳಿದ್ದು ಒಂದೇ, 'ಹೇಗೆ ಬಿದ್ದರು?' ನಲವತ್ತು ಸಲವಾದರೂ ಹೇಳಿದ್ದೇನೆ. ಅವರು ಒಳಕೋಣೆಯಲ್ಲಿ ಮಲಗಿ ಅಷ್ಟೂ ಸಲ ಕೇಳಿಸಿಕೊಂಡರು. ಬಂದವರಿಗೆ ಟೀ ಮಾಡಬೇಕಲ್ಲ. ಡೈರಿಗೆ ಹಾಕಬೇಕಾದ ಹಾಲು ಟೀಗೇ ಮುಗಿಯಿತು. ಸೇಬು, ಬಿಸ್ಕತ್ತು, ಹಾರ್ಲಿಕ್ಸ್ ಬಾಟಲಿಗಳು ಕಿಟಕಿ ಮೇಲೆ ಸಾಲಾಗಿ ಕೂತವು. ಕೊಟ್ಟಿಗೆಯಲ್ಲಿ ಮೂರು ದಿನದ ಸಗಣಿ ಹಾಗೇ ಬಿದ್ದಿತ್ತು.

ಅದು ಕಣ್ಣಿಗೆ ಬಿದ್ದದ್ದು ಒಬ್ಬರಿಗೇ, ಮೇಲಿನ ಮನೆಯ ಅಜ್ಜನಿಗೆ. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಬುಟ್ಟಿ ಹಿಡಿದು ಬಂದರು. 'ನಮ್ಮ ಗುಂಡಿಗೆ ಗೊಬ್ಬರ ಸಾಲೋದಿಲ್ಲ, ಎರಡು ಬುಟ್ಟಿ ಸಗಣಿ ಕೊಡ್ತೀಯಾ ಮಗಾ?' ಅಂದರು. ಅವತ್ತಿನಿಂದ ದಿನಾ ಬಂದು, ಕೊಟ್ಟಿಗೆ ಬಳಿದು, ದರಗು (ಒಣ ಎಲೆ) ಹಾಸಿ, ಎರಡು ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದರು. ಒಳಗೆ ಬಂದವರಲ್ಲ, ಟೀ ಕುಡಿದವರಲ್ಲ. ಅವರ ಮನೆಯಲ್ಲೇ ನಾಲ್ಕು ದನ ಇದ್ದದ್ದು ನನಗೆ ಗೊತ್ತು. ನನಗೆ ಗೊತ್ತು ಅನ್ನೋದು ಅವರಿಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಎಂಟು ತಿಂಗಳು ಹಾಗೇ ನಡೆಯಿತು.

ಇನ್ನೊಂದು ರಾತ್ರಿಯ ವಿಷಯ. ಸ್ವಾಧೀನ ಇಲ್ಲದ ಕಡೆ ನೋವೂ ಗೊತ್ತಾಗೋದಿಲ್ಲ. ಒಂದೇ ಮಗ್ಗುಲಲ್ಲಿ ಇದ್ದರೆ ಸೊಂಟದ ಹಿಂಬದಿ, ಹಿಮ್ಮಡಿ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಏರ್ ಬೆಡ್ ಇದ್ದರೂ ಇದು ತಪ್ಪಿದ್ದಲ್ಲ. ಅಲಾರಂ ಇಟ್ಟು ಎದ್ದು ಎದ್ದು ಒಂದು ತಿಂಗಳಲ್ಲಿ ನಾನೇ ಒಲೆ ಮುಂದೆ ತಲೆ ಸುತ್ತಿ ಬಿದ್ದೆ. ಆಮೇಲೆ ನನ್ನ ತಮ್ಮ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಶನಿವಾರ ರಾತ್ರಿ ಬರತೊಡಗಿದ. ಇವರ ಮಂಚದ ಪಕ್ಕ ಕೂತು ಇಸ್ಪೀಟು ಆಡೋದು, ರಾಶಿ ಅಡಿಕೆಗೆಷ್ಟು, ಬೆಟ್ಟೆ ಅಡಿಕೆಗೆಷ್ಟು ಅಂತ ಶಿವಮೊಗ್ಗ ಮಾರ್ಕೆಟ್ ರೇಟಿನ ಮೇಲೆ ಜಗಳ ಆಡೋದು, ನಡುನಡುವೆ ಮಗ್ಗುಲು ಬದಲಿಸೋದು. ಬಿದ್ದ ಮೇಲೆ ಇವರು ಮೊದಲ ಸಲ ಜೋರಾಗಿ ಬೈದದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದೆ. ಎಲೆ ಮೋಸ ಮಾಡಿದ್ದಕ್ಕೆ! ಆ ರಾತ್ರಿ ಬೆಳಗಿನವರೆಗೂ ನಿದ್ದೆ ಮಾಡಿದೆ.

ಅಕ್ಕಿ ವಾಪಸ್ ಬಂದದ್ದಕ್ಕೆ ನಿಮ್ಮ ಅಮ್ಮ ಬೇಜಾರು ಮಾಡಿಕೊಳ್ಳೋದು ಬೇಡ. ಅಕ್ಕಿ ಚೀಲ ಹೊತ್ತುಕೊಂಡು ಹೋಗೋದು ಊರಿಗೆಲ್ಲ ಕಾಣುತ್ತದೆ. ಕೊಡೋದರ ಜೊತೆಗೆ ಅವರ ಹತ್ತಿರ ಏನಾದರೂ ಕೇಳಿ ನೋಡಿ. ಇನ್ನೇನು ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಬರುವ ಕಾಲ. 'ನಮ್ಮ ಮಿಡಿಗೂ ನೀವೇ ಉಪ್ಪು ಹಾಕಿ ಕೊಡಿ, ನಿಮ್ಮ ಕೈಯದ್ದು ಕೆಡೋದಿಲ್ಲ' ಅನ್ನಿ. ಆಮೇಲೆ ನೀವು ಕೊಟ್ಟದ್ದು ವಾಪಸ್ ಬರೋದಿಲ್ಲ.

ಶಿವಮೊಗ್ಗದಿಂದ, ಬ್ಯಾಂಕಿನಲ್ಲಿ ಕೆಲಸ

ಇವತ್ತೇ ಅವರ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿ. ಮೇ ಕೊನೆ ಅಥವಾ ಜೂನ್ ಶುರುವಿನಲ್ಲಿ 20 ರೂಪಾಯಿ ಕಟ್ ಆಗಿದೆಯಾ? ಆಗಿದ್ದರೆ ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇರಬಹುದು. ಖಾತೆ ತೆರೆಯುವಾಗ ಸಹಿ ಹಾಕಿ ಮರೆತವರೇ ಜಾಸ್ತಿ. ಅಪಘಾತದಲ್ಲಿ ಎರಡೂ ಕಾಲಿನ ಸ್ವಾಧೀನ ಪೂರ್ತಿ ಹೋಗಿ ಮತ್ತೆ ಬರೋದಿಲ್ಲ ಅಂತಾದರೆ 2 ಲಕ್ಷ. ಒಂದೇ ಕಾಲಾದರೆ 1 ಲಕ್ಷ. ಮರದಿಂದ ಬಿದ್ದದ್ದಕ್ಕೆ ಪೊಲೀಸ್ ಕಂಪ್ಲೇಂಟ್ ಬೇಕೇ ಬೇಕು ಅಂತಿಲ್ಲ, ತಕ್ಷಣ ಸೇರಿಸಿದ ಆಸ್ಪತ್ರೆಯ ದಾಖಲೆ ನಡೆಯುತ್ತದೆ. ಮೊದಲ ದಿನದ ಚೀಟಿಯಲ್ಲಿ 'ಮರದಿಂದ ಬಿದ್ದದ್ದು' ಅಂತ ಬರೆದಿದೆಯಾ ನೋಡಿಕೊಳ್ಳಿ. 30 ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು ಅಂತ ಇದೆ. ನಿಮ್ಮದು ಆಗಲೇ ದಾಟಿದೆ. ಆದರೂ ಸುಮ್ನೆ ಕೂರಬೇಡಿ, ತಡವಾದ ಕಾರಣ ಬರೆದು ಅರ್ಜಿ ಕೊಡಿ.

ಆ ಅಕ್ಕನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಬಂದರೆ ಅದೇ ದೊಡ್ಡ ಸಹಾಯ. ಅಷ್ಟು ಹೊತ್ತು ಅವರ ಮನೆಯಲ್ಲಿ ಇನ್ನೊಬ್ಬರು ಕೂರಬೇಕು, ಅದನ್ನು ಮರೆಯಬೇಡಿ.

ಹೊಸನಗರದಿಂದ

ನಮ್ಮೂರಲ್ಲೂ ಒಬ್ಬರಿಗೆ ಹೀಗೇ ಕಾಲಿನ ಸ್ವಾಧೀನ ಹೋದಾಗ ಮುಯ್ಯಾಳಿನ ಲೆಕ್ಕದಲ್ಲಿ ಮಾಡಿದೆವು. ಮುಯ್ಯಾಳು ಅಂದರೆ ಗೊತ್ತಲ್ಲ, ನಿಮ್ಮ ಗದ್ದೆಗೆ ನಾನು ಒಂದು ದಿನ, ನನ್ನ ಗದ್ದೆಗೆ ನೀವು ಒಂದು ದಿನ. ಒಂಬತ್ತು ಮನೆಯವರು ಕ್ಯಾಲೆಂಡರಿನಲ್ಲಿ ದಿನ ಹಂಚಿಕೊಂಡೆವು. ಜೂನ್‌ವರೆಗೆ ಚೆನ್ನಾಗಿ ನಡೆಯಿತು. ಜುಲೈನಲ್ಲಿ ನಾಟಿ ಬಂತು ನೋಡಿ, ಎಲ್ಲ ಕೆಟ್ಟಿತು. ಒಬ್ಬರೂ ಹೋಗಲಿಲ್ಲ, ಹೋಗಲಿಲ್ಲ ಅಂತ ಹೇಳಿಯೂ ಕಳಿಸಲಿಲ್ಲ. ಆ ಮನೆಯವರು ಕಾದು ಕೂತಿದ್ದರಂತೆ. ಅದಕ್ಕಿಂತ ಮೊದಲೇ ಆಗೋದಿಲ್ಲ ಅಂದಿದ್ದರೆ ಒಳ್ಳೆಯದಿತ್ತು. ಮರು ವರ್ಷ ನಾಟಿ ತಿಂಗಳಿಗೆ ಬರೀ ಹಾಲು ಡೈರಿಗೆ ಮುಟ್ಟಿಸೋದು, ಪೇಟೆಯಿಂದ ಔಷಧಿ ತರೋದು ಅಂತ ಕಡಿಮೆ ಮಾಡಿಕೊಂಡೆವು. ಅದು ತಪ್ಪಲಿಲ್ಲ.

ಮುಯ್ಯಿ ಅಂದ ಮೇಲೆ ಅವರ ಕಡೆಯಿಂದಲೂ ಬರಬೇಕಲ್ವಾ? ಆ ಮನೆಯ ಹೆಂಡತಿ ಅಡಿಕೆ ಸುಲಿತಕ್ಕೆ ನಮ್ಮ ಮನೆಗಳಿಗೆ ಬರುತ್ತಿದ್ದರು. ಒಂದು ದಿನ ಅವರ ಗಂಡನೇ, 'ಅಡಿಕೆ ಇಲ್ಲಿಗೆ ತಂದು ಹಾಕಿ, ಕೂತಲ್ಲೇ ಸುಲಿತೀನಿ' ಅಂದರು. ತೊಂದರೆ ಏನಾಯಿತು ಅಂದರೆ, ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿಯಬೇಕು. ಕಾಲೇ ಬಾರದಲ್ಲ. ನಮ್ಮೂರ ಬಡಗಿ ಅದನ್ನು ಒಂದು ದಪ್ಪ ಹಲಗೆಗೆ ಕೂರಿಸಿ, ಹಲಗೆಯನ್ನು ಮೇಜಿಗೆ ಬಿಗಿದು ಕೊಟ್ಟರು. ಮೊದಲ ಸಲ ಅದು ಅಲ್ಲಾಡಿತು, ಎರಡನೇ ಸಲ ಸರಿಯಾಯಿತು. ಈಗ ಅವರು ಸೀಸನ್‌ನಲ್ಲಿ ತೂಕದ ಲೆಕ್ಕದಲ್ಲಿ ಕೂಲಿ ತೆಗೆದುಕೊಂಡು ಸುಲಿಯುತ್ತಾರೆ. ಆದರೆ ಎಷ್ಟು ಹೊತ್ತು ಕೂರಬಹುದು ಅಂತ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕತ್ತಿಯಿಂದ ಕಾಲು ದೂರ ಇರಬೇಕು. ಕುಯ್ದರೂ ಅವರಿಗೆ ಗೊತ್ತಾಗೋದಿಲ್ಲ.

ತೀರ್ಥಹಳ್ಳಿ ಪೇಟೆಯಿಂದ

ಏನು ಬೇಕಾದರೂ ಮಾಡಿ, ಚೆಕ್ ಹಿಡಿದು ಮಂಚದ ಪಕ್ಕ ನಿಂತು ಫೋಟೊ ಮಾತ್ರ ತೆಗೆಸಬೇಡಿ. ನಮ್ಮ ನೆಂಟರ ಮನೆಗೆ ಒಂದು ಗುಂಪಿನವರು ಐದು ಸಾವಿರ ಕೊಟ್ಟು ಹಾಗೆ ಮಾಡಿದರು. ಅವರ ಮಗಳು ಒಂದು ವಾರ ಶಾಲೆಗೆ ಹೋಗಲಿಲ್ಲ. ಫೋನ್ ಇದ್ದವರೆಲ್ಲ ನೋಡಿದ್ದರು.

ನಮ್ಮ ಕಡೆ ದೀಪಾವಳಿಗೆ ಅಂಟಿಗೆ ಪಂಟಿಗೆ ಇನ್ನೂ ಇದೆ. ದೀಪ ಹಿಡಿದು ರಾತ್ರಿಯೆಲ್ಲ ಮನೆ ಮನೆಗೆ ಪದ ಹಾಡಿಕೊಂಡು ಹೋಗೋದು. ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಒಂದು ವರ್ಷ ಸಂಗ್ರಹವಾದದ್ದನ್ನು ಊಟಕ್ಕೆ ಖರ್ಚು ಮಾಡದೆ ಹಾಗೇ ಒಂದು ಮನೆಗೆ ಕೊಟ್ಟೆವು. ಎಲ್ಲ ಮನೆಯಿಂದಲೂ ಬಂದದ್ದು, ಯಾರದ್ದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ತೆಗೆದುಕೊಂಡವರಿಗೂ ಯಾರ ಮುಖ ನೋಡಿದರೂ ತಲೆ ತಗ್ಗಿಸುವ ಹಾಗಿರಲಿಲ್ಲ.

ಶಿವಮೊಗ್ಗದಿಂದ ಇನ್ನೊಬ್ಬರು

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಆದರೆ ಫೋಟೊ ಇಲ್ಲದೆ ದೊಡ್ಡ ದುಡ್ಡು ಬರೋದಿಲ್ಲ ಮಾರಾಯ್ರೆ. ನಮ್ಮ ಚಿಕ್ಕಪ್ಪನ ಆಪರೇಷನ್‌ಗೆ ಹದಿನೈದು ದಿನದಲ್ಲಿ ಮೂರು ಲಕ್ಷ ಆದದ್ದು ಅವರ ಫೋಟೊ ನೋಡಿಯೇ. ನಾಚಿಕೆ ಆಮೇಲೆ ಪಡೋಣ ಅಂತ ಚಿಕ್ಕಮ್ಮನೇ ಹೇಳಿದರು. ಅವರನ್ನೇ ಕೇಳಿ ಹಾಕಿದೆವು, ಮುಗಿದ ಮೇಲೆ ಅಳಿಸಿದೆವು. ದುಡ್ಡು ಅವರ ಖಾತೆಗೇ ಹೋಗಲಿ, ನಿಮ್ಮ ಫೋನಿಗೆ ಬೇಡ. ಒಂದು ನೋಟ್‌ಬುಕ್ ಇರಲಿ. ಊರಲ್ಲಿ ಮಾತು ಹುಟ್ಟೋದು ಅಲ್ಲೇ.

ಭದ್ರಾವತಿಯಿಂದ

ಕಾಗದದ ಕೆಲಸ ಚಿಕ್ಕದಾಗಿ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮುಂದೆ ಮತ್ತೆ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಬರೆಸಿಕೊಳ್ಳಿ, ನೇರ ಖಾಸಗಿಗೆ ಹೋಗಿ ಆಮೇಲೆ ಪರದಾಡಬೇಡಿ. ತುರ್ತು ಇದ್ದರೆ ಬೇರೆ ಮಾತು. ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಅರ್ಜಿ ಹಾಕಿಸಿ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಬಂದರೆ ಮಾಸಾಶನಕ್ಕೆ ದಾರಿ. ಪಂಚಾಯಿತಿಯಲ್ಲಿ ಇದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ತುಂಬಾ ಜನಕ್ಕೆ ಅವರಿದ್ದಾರೆ ಅಂತಲೇ ಗೊತ್ತಿಲ್ಲ. ಅವರನ್ನು ಮನೆಗೇ ಕರೆಯಿರಿ.

ಸಾಗರ ತಾಲ್ಲೂಕಿನ ಇನ್ನೊಬ್ಬರು

ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 2019ರಲ್ಲಿ ಅರಲಗೋಡು ಕಡೆ ಮಂಗನ ಕಾಯಿಲೆ ಜೋರಾದಾಗ ನಮ್ಮ ಮನೆಯಲ್ಲೂ ಒಬ್ಬರಿಗೆ ಬಂತು. ಅದು ಉಣುಗು, ಅಂದರೆ ಉಣ್ಣೆ, ಕಚ್ಚಿ ಬರೋದು, ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಆದರೂ ಜನ ನಮ್ಮ ಅಂಗಳ ತುಳಿಯಲಿಲ್ಲ. ಕಾಡಿಗೆ ಹೋಗೋ ಹಾಗಿಲ್ಲ, ದನಕ್ಕೆ ಮೇವಿಲ್ಲ. ಒಬ್ಬರು, ಅಷ್ಟೇನೂ ಮಾತಿಲ್ಲದವರು, ಒಂದು ಗಾಡಿ ಒಣಹುಲ್ಲು ತಂದು ಇಳಿಸಿ ಹೋದರು. ಅವರ ಮನೆಯ ಯಾವ ಕಾರ್ಯಕ್ಕೂ ನಾನು ಈಗ ತಪ್ಪಿಸೋದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನಿಂದಲೇ, ಅಡಿಕೆ ಬೆಳೆಗಾರ

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದನ್ನು ಯಾರೂ ಕೇಳಲಿಲ್ಲ. ಅವರು ಬಿದ್ದದ್ದು ಯಾರ ತೋಟದಲ್ಲಿ?

ಕೇಳೋದಕ್ಕೆ ಕಾರಣ ಇದೆ. ನಮ್ಮ ತೋಟದಲ್ಲೂ ಒಬ್ಬರು ಬಿದ್ದಿದ್ದರು. ಆಸ್ಪತ್ರೆಗೆ ಸೇರಿಸಿ, ಕೈಗೆ ಸ್ವಲ್ಪ ದುಡ್ಡು ಕೊಟ್ಟು, ನಾನು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಒಂದು ದಿನ ಅವರ ಅಣ್ಣ ಬಂದು, 'ಸಹಾಯ ಬೇಡ ಅಯ್ಯಾ, ಲೆಕ್ಕ ಮಾತಾಡಿ' ಅಂದರು. ಸಿಟ್ಟು ಬಂತು. ಎರಡು ದಿನ ಕಳೆದ ಮೇಲೆ ಅವರು ಹೇಳಿದ್ದು ಸರಿ ಅನಿಸಿತು. ಕೂಲಿ ಉಳಿಯಲಿ ಅಂತ ಮಳೆ ನಿಂತ ಕೂಡಲೇ ಒದ್ದೆ ಮರಕ್ಕೆ ಹತ್ತಿಸಿದ್ದು ನಾನೇ. ಐದು ಜನರನ್ನು ಕೂರಿಸಿಕೊಂಡು ಮಾತಾಡಿ, ಮೂರು ವರ್ಷ ಕೊಯ್ಲಾದ ಮೇಲೆ ಇಷ್ಟು ಅಂತ ಬರೆದು ಕೊಟ್ಟೆ. ಕೊಟ್ಟು ಮುಗಿಸಿದ್ದೇನೆ. ಆಮೇಲೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಗಳ, ತಂದೆ. ಈಗ ನಮ್ಮಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸೋದು.

ನಿಮ್ಮ ಊರಲ್ಲಿ ಆ ಲೆಕ್ಕ ಆಗಿದೆಯಾ?

ಕೇಳಿದವನು

ಉತ್ತರ ಬರೆಯೋದು ನಾಲ್ಕು ದಿನ ತಡವಾಯಿತು. ಬಿದ್ದದ್ದು ನಮ್ಮ ತೋಟದಲ್ಲೇ. ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಇಪ್ಪತ್ತು ಸಾವಿರ ಕೊಟ್ಟಿದ್ದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ಹತ್ತು ಕೆಜಿ ಅಕ್ಕಿ ಯಾಕೆ ವಾಪಸ್ ಬಂತು ಅಂತ ಈಗ ಅಮ್ಮನಿಗೂ ಗೊತ್ತಾಗಿರಬೇಕು. ಇದನ್ನೆಲ್ಲ ಓದಿ ಹೇಳಿದಾಗ ಅವರು ಎದ್ದು ಒಳಗೆ ಹೋದರು.

ನಿನ್ನೆ ಸಂಜೆ ಅಪ್ಪ, ನಾನು ಹೋಗಿದ್ದೆವು. ಅಪ್ಪನಿಗೆ ಶುರು ಮಾಡೋದೇ ಗೊತ್ತಾಗಲಿಲ್ಲ. ಅರ್ಧ ಗಂಟೆ ಅಡಿಕೆ ರೇಟು ಮಾತಾಡಿದರು. ಕೊನೆಗೆ ಪಕ್ಕದ ಮನೆಯಣ್ಣನೇ, 'ಯಜಮಾನರೇ, ಬಂದ ವಿಷಯ ಹೇಳಿ' ಅಂದರು. ಭಾನುವಾರ ಅವರ ಭಾವನನ್ನೂ ಊರಿನ ಇಬ್ಬರನ್ನೂ ಕೂರಿಸಿಕೊಂಡು ಲೆಕ್ಕ ಮಾಡೋದು ಅಂತಾಗಿದೆ. ಎಷ್ಟು ಅನ್ನೋದು ಅವತ್ತೇ ಗೊತ್ತಾಗಬೇಕು. ಅಪ್ಪನ ಮನಸ್ಸಿನಲ್ಲಿರೋದು ಸಾಲದು ಅಂತ ನನಗನಿಸುತ್ತದೆ, ಅದಕ್ಕೆ ಮನೆಯಲ್ಲಿ ಜಗಳ ನಡೆಯುತ್ತಿದೆ.

ಪಾಸ್‌ಬುಕ್ ನೋಡಿದೆವು. ಮೇ ತಿಂಗಳಲ್ಲಿ 20 ರೂಪಾಯಿ ಕಟ್ ಆಗಿದೆ. ನಾಳೆ ಅಕ್ಕನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ, ಅಷ್ಟು ಹೊತ್ತು ಅಮ್ಮ ಅಲ್ಲಿ ಕೂರುತ್ತಾರಂತೆ. ಕೊಟ್ಟಿಗೆ ಕೆಲಸ ಸೋಮವಾರ, ಗುರುವಾರ ನನ್ನದು. ಉಳಿದ ದಿನಕ್ಕೆ ಇನ್ನೂ ಮೂರು ಮನೆ ಕೇಳಬೇಕು. ಮಿಡಿ ಇನ್ನೂ ಬಿಟ್ಟಿಲ್ಲ.